ದಂಡವೂ ದಯೆಯೂ: ಸೋಮದೇವಸೂರಿಗಳ ‘ನೀತಿವಾಕ್ಯಾಮೃತ’ದ ವಿಮರ್ಶೆ

ರಾಜಕಾರಣವೆಂಬ ಮಾತು ಕಿವಿಗೆ ಬಿದ್ದೊಡನೆ ಮುಖ ತಿರುಗಿಸುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ವ್ಯಾಪಾರ, ದಾನ, ಪೂಜೆ, ಸ್ವಾಧ್ಯಾಯ ಇವು ಶ್ರಾವಕನ ಕ್ಷೇತ್ರ. ಅಧಿಕಾರದ ವಿದ್ಯೆಯೆಂದರೆ ಹಿಂಸೆಯ ವಿದ್ಯೆ, ಅದು ನಮಗೆ ಸಲ್ಲದು ಎಂಬ ಭಾವನೆ ಬೇರೂರಿದೆ. ಈ ಭಾವನೆಗೆ ಎದುರಾಗಿ ನಿಲ್ಲುವ ಗ್ರಂಥವೊಂದು ನಮ್ಮ ಪರಂಪರೆಯಲ್ಲಿಯೇ ಇದೆ. ಹತ್ತನೆಯ ಶತಮಾನದಲ್ಲಿ, ಪಂಚಮಹಾವ್ರತಗಳನ್ನು ಧರಿಸಿದ ದಿಗಂಬರ ಆಚಾರ್ಯರೊಬ್ಬರು ರಾಜ್ಯವೆಂದರೇನು, ದಂಡವೇಕೆ ಬೇಕು, ಮಂತ್ರಿ ಎಂಥವನಿರಬೇಕು, ಗೂಢಚಾರನ ಕೆಲಸವೇನು, ಕರವೆಷ್ಟು, ಯುದ್ಧ ಯಾವಾಗ ಎಂಬ ಪ್ರಶ್ನೆಗಳನ್ನೆಲ್ಲ ಕೈಗೆತ್ತಿಕೊಂಡು ಒಂದು ಪುಸ್ತಕ ರಚಿಸಿದರು. ಅದೇ ಸೋಮದೇವಸೂರಿಗಳ ‘ನೀತಿವಾಕ್ಯಾಮೃತ’. ರಾಜ್ಯಶಾಸ್ತ್ರವನ್ನು ಹೊಸದಾಗಿ ಪ್ರವೇಶಿಸುವ ಗೃಹಸ್ಥನಿಗೆ ಇದಕ್ಕಿಂತ ಚೊಕ್ಕವಾದ ಹೊಸ್ತಿಲು ವಿರಳ. ಆದರೆ ನಮ್ಮಲ್ಲಿ ಇದನ್ನು ಹೆಸರಿಸುವವರು ಹೆಚ್ಚು, ಓದುವವರು ಕಡಿಮೆ. ಓದಿದವರೂ ನಾಲ್ಕು ಸೂಕ್ತಿಗಳನ್ನು ಆಯ್ದುಕೊಂಡು ಉಳಿದುದನ್ನು ಕೌಟಿಲ್ಯನ ಖಾತೆಗೆ ಬರೆದುಬಿಡುತ್ತಾರೆ. ಈ ಗ್ರಂಥದ ಒಟ್ಟು ವಿಚಾರವೇನು, ಅಧಿಕಾರದ ಬಗ್ಗೆ ಅದು ಹೇಳುವುದರಲ್ಲಿ ಇಂದಿಗೂ ನಿಲ್ಲುವುದೆಷ್ಟು, ನಿಲ್ಲದಿರುವುದೆಷ್ಟು ಎಂದು ತೂಗಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಸೋಮದೇವಸೂರಿಗಳು ದೇವಸಂಘಕ್ಕೆ ಸೇರಿದವರು, ನೇಮಿದೇವರ ಶಿಷ್ಯರು. ಅವರ ಮಹಾಕೃತಿಯಾದ ‘ಯಶಸ್ತಿಲಕ ಚಂಪೂ’ ಪೂರ್ಣಗೊಂಡದ್ದು ಶಕ 881ರಲ್ಲಿ, ಅಂದರೆ ಕ್ರಿ.ಶ. 959ರಲ್ಲಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರನ್ನು ಗೆದ್ದು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದ ಕಾಲವದೆಂದು ಗ್ರಂಥಾಂತ್ಯದಲ್ಲಿ ಆಚಾರ್ಯರೇ ತಿಳಿಸಿದ್ದಾರೆ. ಕೃತಿ ರಚನೆಯಾದದ್ದು ಆ ಚಕ್ರವರ್ತಿಯ ಸಾಮಂತನಾಗಿದ್ದ ಚಾಲುಕ್ಯ ಅರಿಕೇಸರಿಯ ಮಗನ ಆಳ್ವಿಕೆಗೆ ಒಳಪಟ್ಟ ಗಂಗಾಧಾರೆಯಲ್ಲಿ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ ಆದಿಕವಿ ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಮನೆತನವೂ ಇದೇ. 966ರ ಪರಭಣಿಯ ತಾಮ್ರಶಾಸನವು ಈ ಮನೆತನದ ಅರಸನು ಶುಭಧಾಮ ಜಿನಾಲಯಕ್ಕಾಗಿ ಸೋಮದೇವರಿಗೆ ಗ್ರಾಮವೊಂದನ್ನು ದಾನವಿತ್ತುದನ್ನು ದಾಖಲಿಸುತ್ತದೆ. ‘ನೀತಿವಾಕ್ಯಾಮೃತ’ದ ಪ್ರಶಸ್ತಿಯಲ್ಲಿ ಯಶೋಧರ ಚರಿತೆಯ ಕರ್ತೃವೆಂದು ಆಚಾರ್ಯರನ್ನು ಹೆಸರಿಸಿರುವುದರಿಂದ ಇದು ‘ಯಶಸ್ತಿಲಕ’ದ ಅನಂತರ ಬಂದ ಕೃತಿಯೆಂಬುದು ಸ್ಪಷ್ಟ. ಮುಂದೆ ನೇಮಿನಾಥನೆಂಬುವನು ಇದಕ್ಕೆ ಕನ್ನಡದಲ್ಲಿ ವ್ಯಾಖ್ಯಾನ ಬರೆದನು. ಹೀಗೆ ಗ್ರಂಥದ ಭಾಷೆ ಸಂಸ್ಕೃತವಾದರೂ ಅದು ಬೆಳೆದ ನೆಲ ಕನ್ನಡ ಅರಸರ ನೆಲ. ಬರೆದವರು ಅರಮನೆಯ ಒಳಹೊರಗನ್ನು ಹತ್ತಿರದಿಂದ ಕಂಡವರು.

ಗ್ರಂಥದಲ್ಲಿ 32 ಸಮುದ್ದೇಶಗಳಿವೆ. ‘ಯಶಸ್ತಿಲಕ’ದ ಉದ್ದುದ್ದ ಸಮಾಸಗಳ ಗದ್ಯವನ್ನು ಬಲ್ಲವರಿಗೆ ಇಲ್ಲಿಯ ಶೈಲಿ ಅಚ್ಚರಿ ತರುತ್ತದೆ. ಇಲ್ಲಿ ವಾಕ್ಯಗಳು ತುಂಡು ತುಂಡು. ಸೂತ್ರದಷ್ಟು ಚಿಕ್ಕವು, ಆದರೆ ಸೂತ್ರದಷ್ಟು ಒಗಟಲ್ಲ. ಕಾಮಂದಕನು ನೀತಿಯನ್ನು ಶ್ಲೋಕಗಳಲ್ಲಿ ಹೇಳಿದರೆ ಸೋಮದೇವರು ಗದ್ಯವನ್ನು ಆರಿಸಿಕೊಂಡರು. ಸಮುದ್ದೇಶಗಳ ಕ್ರಮವನ್ನು ವಾಚಕರು ಗಮನಿಸಬೇಕು. ಮೊದಲ ಮೂರು ಧರ್ಮ, ಅರ್ಥ, ಕಾಮ, ನಾಲ್ಕನೆಯದು ಅರಿಷಡ್ವರ್ಗ, ಐದನೆಯದು ವಿದ್ಯಾವೃದ್ಧರ ಸಂಗ. ಒಂಬತ್ತನೆಯದರಲ್ಲಿ ದಂಡನೀತಿ, ಹತ್ತರಿಂದ ಹದಿನಾಲ್ಕರವರೆಗೆ ಮಂತ್ರಿ, ಪುರೋಹಿತ, ಸೇನಾಪತಿ, ದೂತ, ಚಾರ. ಹದಿನೇಳರಿಂದ ಇಪ್ಪತ್ಮೂರರವರೆಗೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ಬಲ, ಮಿತ್ರ ಎಂಬ ರಾಜ್ಯದ ಏಳು ಅಂಗಗಳು. ಸಂಧಿ ವಿಗ್ರಹಗಳ ಷಾಡ್ಗುಣ್ಯ ಬರುವುದು ಇಪ್ಪತ್ತೊಂಬತ್ತನೆಯದಾಗಿ, ಯುದ್ಧ ಮೂವತ್ತನೆಯದಾಗಿ. ರಾಜನೊಳಗಿನ ಆರು ವೈರಿಗಳಿಗೆ ನಾಲ್ಕನೆಯ ಸ್ಥಾನ, ಗಡಿಯಾಚೆಯ ವೈರಿಯ ಮೇಲಿನ ಯುದ್ಧಕ್ಕೆ ಮೂವತ್ತನೆಯ ಸ್ಥಾನ! ಈ ಅನುಕ್ರಮಣಿಕೆಯೇ ಒಂದು ವಾದ.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿಯೇ ಹೇಳಬೇಕು. ಮಂಗಲಪದ್ಯ ಮುಗಿದೊಡನೆ ಆಚಾರ್ಯರು ನಮಸ್ಕರಿಸುವುದು ರಾಜ್ಯಕ್ಕೆ. ಧರ್ಮ, ಅರ್ಥ, ಕಾಮಗಳೆಂಬ ಫಲವನ್ನು ಕೊಡುವ ವೃಕ್ಷವೆಂದು ಅದನ್ನು ಭಾವಿಸುತ್ತಾರೆ. ಸರ್ವಸಂಗ ಪರಿತ್ಯಾಗಿಯಾದ ಮುನಿಯು ರಾಜ್ಯಕ್ಕೆ ಕೈಮುಗಿಯುವುದೆಂದರೇನು ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಆ ಫಲಗಳ ಪಟ್ಟಿಯಲ್ಲಿ ಮೋಕ್ಷವಿಲ್ಲವೆಂಬುದನ್ನು ನೋಡಬೇಕು. ಮೋಕ್ಷಮಾರ್ಗವನ್ನೇ ಬಾಳಾಗಿಸಿಕೊಂಡವರು ಅದನ್ನು ಮರೆತು ಬಿಟ್ಟರೆನ್ನಲಾಗದು. ರಾಜ್ಯದ ಕಾರ್ಯಕ್ಷೇತ್ರ ತ್ರಿವರ್ಗದಲ್ಲಿಗೆ ಮುಗಿಯುತ್ತದೆ. ಆತ್ಮದ ವಿಷಯದಲ್ಲಿ ಅದಕ್ಕೆ ಕೊಡುವ ಅಥವಾ ಕಸಿದುಕೊಳ್ಳುವ ಹಕ್ಕಿಲ್ಲ. ಗೌರವಿಸುತ್ತಲೇ ಗಡಿ ಗುರುತಿಸಿದ ನಮಸ್ಕಾರವಿದು ಎಂದು ನಾನು ತಿಳಿಯುತ್ತೇನೆ.

ಈ ಗ್ರಂಥದ ಮೇಲಿರುವ ಮುಖ್ಯ ಆರೋಪವೆಂದರೆ ಇದು ಕೌಟಿಲ್ಯನ ‘ಅರ್ಥಶಾಸ್ತ್ರ’ದ ಸಂಕ್ಷೇಪವೆಂಬುದು. ‘ಅರ್ಥಶಾಸ್ತ್ರ’ದ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದವರು ಆರ್. ಶಾಮಾಶಾಸ್ತ್ರಿಗಳು. ಆ ಮೂಲ ಬೆಳಕಿಗೆ ಬಂದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ಸೋಮದೇವರು ಕೌಟಿಲ್ಯನಿಂದ ಧಾರಾಳವಾಗಿ ಪಡೆದಿದ್ದಾರೆಂಬುದೂ ಸಿದ್ಧವಾಯಿತು. ಬಂದುದೆಲ್ಲವನ್ನೂ ಹಿಂದುಮುಂದು ನೋಡದೆ ವೆಚ್ಚ ಮಾಡುವವನು, ಪಿತ್ರಾರ್ಜಿತವನ್ನು ತಿಂದು ಮುಗಿಸುವವನು, ತನ್ನನ್ನೂ ಸೇವಕರನ್ನೂ ಪೀಡಿಸಿ ಕೂಡಿಡುವವನು ಎಂಬ ಮೂರು ಬಗೆಯ ಧನನಾಶಕರ ವಿಭಾಗ ಎರಡರಲ್ಲಿಯೂ ಇದೆ. ಆದರೆ ಪಡೆದುದರ ಪಟ್ಟಿಯಿಂದ ಮಾತ್ರ ಗ್ರಂಥದ ಬೆಲೆ ಕಟ್ಟಲಾಗದು. ಬಿಟ್ಟುದರ ಪಟ್ಟಿಯನ್ನೂ ನೋಡಬೇಕು. ಕೌಟಿಲ್ಯನ 15 ಅಧಿಕರಣಗಳಲ್ಲಿ ಎರಡನೆಯದು ಇಲಾಖೆಗಳ ಅಧ್ಯಕ್ಷರಿಗೆ ಬರೆದ ದೊಡ್ಡ ಕೈಪಿಡಿ. ಹದಿನಾಲ್ಕನೆಯದು ವಿಷ, ಮಾಯೆ ಮೊದಲಾದ ರಹಸ್ಯ ಪ್ರಯೋಗಗಳ ಕೋಶ. ಇವೆರಡನ್ನೂ ಸೋಮದೇವರು ಕೈಬಿಟ್ಟರು. ಕೌಟಿಲ್ಯನು ಯಂತ್ರವನ್ನು ವರ್ಣಿಸಿದರೆ ಸೋಮದೇವರು ಯಂತ್ರವನ್ನು ನಡೆಸುವ ಮನುಷ್ಯನನ್ನು ಪರೀಕ್ಷಿಸುತ್ತಾರೆ. ಹಾಗೆಂದು ಇವರನ್ನು ಬರಿಯ ಸೌಮ್ಯಮೂರ್ತಿಯೆಂದು ಚಿತ್ರಿಸುವುದೂ ತಪ್ಪು. ಯುದ್ಧ ಸಮುದ್ದೇಶದಲ್ಲಿ ಕೂಟಯುದ್ಧಕ್ಕೂ, ವಿಷಾದಿಗಳಿಂದ ಸದ್ದಿಲ್ಲದೆ ಕೊಲ್ಲುವ ತೂಷ್ಣೀದಂಡಕ್ಕೂ ಲಕ್ಷಣ ಹೇಳಿ, ಖಂಡಿಸದೆ ಮುಂದೆ ಸಾಗುತ್ತಾರೆ. ಅಭಿಮಾನದಿಂದ ಬರೆಯುವ ನಮ್ಮವರು ಈ ಭಾಗವನ್ನು ಮುಚ್ಚಿಡುವುದುಂಟು. ಮುಚ್ಚಿಟ್ಟರೆ ಗ್ರಂಥವೂ ಅರ್ಥವಾಗುವುದಿಲ್ಲ, ಅಧಿಕಾರವೂ ಅರ್ಥವಾಗುವುದಿಲ್ಲ.

ಅಧಿಕಾರ ಹೇಗೆ ಕೆಲಸ ಮಾಡುತ್ತದೆಂಬ ಪ್ರಶ್ನೆಗೆ ನಮ್ಮ ನೀತಿಶಾಸ್ತ್ರಗಳು ಮೂರು ಶಕ್ತಿಗಳನ್ನು ಹೇಳುತ್ತವೆ. ಜ್ಞಾನ ಮತ್ತು ಆಲೋಚನೆಯ ಬಲ ಮಂತ್ರಶಕ್ತಿ. ಕೋಶ ಮತ್ತು ಸೈನ್ಯದ ಬಲ ಪ್ರಭುಶಕ್ತಿ. ಪರಾಕ್ರಮದ ಬಲ ಉತ್ಸಾಹಶಕ್ತಿ. ಸೋಮದೇವರು ಮೊದಲನೆಯದಕ್ಕೆ ಕೊಡುವ ದೃಷ್ಟಾಂತ ಸಿಂಹವನ್ನು ಕೊಂದ ಮೊಲ. ಪಂಚತಂತ್ರವನ್ನು ಕೇಳಿ ಬೆಳೆದ ಯಾವ ಕನ್ನಡದ ಮಗುವಿಗೂ ಅದನ್ನು ವಿವರಿಸಬೇಕಾಗಿಲ್ಲ. ಮೈಬಲ, ಹಣದ ಬಲಗಳು ಅಧಿಕಾರದ ಕಣ್ಣಿಗೆ ಕಾಣುವ ಭಾಗ. ಯಾರಿಗೆ ಏನು ಗೊತ್ತಿದೆ, ಯಾರು ಯಾರನ್ನು ಏನೆಂದು ನಂಬಿಸಬಲ್ಲರು ಎಂಬುದು ಕಾಣದ ಭಾಗ. ಕಾಣದ ಭಾಗವೇ ಬಲವತ್ತರವೆಂದು ಆಚಾರ್ಯರ ನಿಲುವು. ಬೆಲ್ಲದಿಂದಲೇ ಬಯಸಿದ್ದು ಕೈಗೂಡುವಲ್ಲಿ ವಿಷವನ್ನು ಮುಟ್ಟುವವರಾರು ಎಂಬ ತಾತ್ಪರ್ಯದ ಮಾತಿನಿಂದ ಅವರು ಯುದ್ಧವನ್ನು ಕೊನೆಯ ಉಪಾಯವಾಗಿಸುತ್ತಾರೆ.

ಈಗ ಗ್ರಂಥದ ಹೃದಯಕ್ಕೆ ಬರೋಣ. ಅನ್ವೀಕ್ಷಿಕೀ ಸಮುದ್ದೇಶದಲ್ಲಿ ಆಚಾರ್ಯರು ಹೇಳುವ ಮಾತು ಮೊದಲ ಓದಿಗೆ ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಕೇವಲ ಕರುಣೆಯೊಂದನ್ನೇ ಹಿಡಿದವನು ಅಂಗೈಯಲ್ಲಿರುವುದನ್ನೂ ಉಳಿಸಿಕೊಳ್ಳಲಾರನು. ಅಪರಾಧ ಮಾಡಿದವರ ವಿಷಯದಲ್ಲಿ ಶಾಂತಿಯು ಯತಿಗೆ ಆಭರಣ, ಅರಸನಿಗಲ್ಲ ಎಂಬುದು ಅವರ ಅಭಿಪ್ರಾಯ. ರಾಷ್ಟ್ರಕಂಟಕರನ್ನು ನಿವಾರಿಸಲು ಲೋಕಾಯತ ಶಾಸ್ತ್ರವನ್ನೂ ಅರಸನು ಅರಿತಿರಬೇಕೆಂದು ಅವರು ಅಲ್ಲಿಯೇ ವಿಧಿಸುತ್ತಾರೆ. ಇದೇ ಲೇಖನಿ ಕೆಲವೇ ಕಾಲದ ಹಿಂದೆ ‘ಯಶಸ್ತಿಲಕ’ವನ್ನು ಬರೆದಿತ್ತು. ಜನ್ನನು 1209ರಲ್ಲಿ ಕನ್ನಡಕ್ಕೆ ತಂದ ಆ ಕಥೆಯನ್ನು ಅರಿಯದ ಶ್ರಾವಕರಿಲ್ಲ. ಅರಸ ಯಶೋಧರನು ತನ್ನ ಅರಿಷ್ಟ ತಪ್ಪಲೆಂದು, ತಾಯಿಯ ಒತ್ತಾಯಕ್ಕೆ ಮಣಿದು, ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಮಾತ್ರಕ್ಕೆ ತಾಯಿಯೊಡನೆ ಭವಭವಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಯನ್ನು ಕತ್ತರಿಸಿದ ಅರಸನಿಗೆ ಆ ಗತಿ ಹೇಳಿದ ಆಚಾರ್ಯರು ಇಲ್ಲಿ ಅರಸನಿಗೆ ದಂಡವನ್ನು ಕೈಗೆತ್ತಿಕೊಳ್ಳೆನ್ನುವುದು ಹೇಗೆ? ಎರಡು ಪುಸ್ತಕಗಳ ನಡುವೆ ವಿರೋಧವಿಲ್ಲವೇ?

ವಿರೋಧವಿದೆಯೆಂದು ಹೇಳಿ ಮುಗಿಸುವವರಿದ್ದಾರೆ. ಮುನಿಧರ್ಮ ಬೇರೆ ರಾಜಧರ್ಮ ಬೇರೆಯೆಂದು ಎರಡು ಪೆಟ್ಟಿಗೆ ಮಾಡಿ ಬೀಗ ಹಾಕುವವರೂ ಇದ್ದಾರೆ. ಎರಡೂ ಸಮಾಧಾನಕರವಲ್ಲ. ಉತ್ತರವು ದಂಡನೀತಿ ಸಮುದ್ದೇಶದ ಆರಂಭದಲ್ಲಿಯೇ ಇದೆ. ದಂಡವನ್ನು ಅವರು ಚಿಕಿತ್ಸಾಶಾಸ್ತ್ರಕ್ಕೆ ಹೋಲಿಸುತ್ತಾರೆ. ದೋಷದ ಶುದ್ಧಿಯೇ ಅದರ ಗುರಿ. ದಂಡವಿರುವುದು ಪ್ರಜೆಯ ಪಾಲನೆಗೆ, ಹಣದ ಗಳಿಕೆಗಲ್ಲ. ತನ್ನ ಹೊಟ್ಟೆಪಾಡಿಗಾಗಿ ಜನರಲ್ಲಿ ದೋಷ ಹುಡುಕುವವನು ಅರಸನೂ ಅಲ್ಲ, ವೈದ್ಯನೂ ಅಲ್ಲ ಎಂಬ ಧ್ವನಿಯ ಪ್ರಶ್ನೆಯೊಂದನ್ನು ಅವರು ಅಲ್ಲಿ ಎತ್ತಿದ್ದಾರೆ. ಈಗ ಯಶೋಧರನನ್ನು ಮತ್ತೆ ನೆನೆಯಿರಿ. ಆತ ಬಲಿಕೊಟ್ಟದ್ದು ಯಾರ ರಕ್ಷಣೆಗಾಗಿ? ಕಳ್ಳನಿಂದ ಬಡವನನ್ನು ಉಳಿಸಲಿಕ್ಕಲ್ಲ, ಗಡಿಯ ಹಳ್ಳಿಯನ್ನು ಕಾಯಲಿಕ್ಕಲ್ಲ. ತನ್ನ ಅರಿಷ್ಟದ ನಿವಾರಣೆಗಾಗಿ. ಕೋಳಿ ಹಿಟ್ಟಿನದಾದರೂ ಸಂಕಲ್ಪ ಹಿಂಸೆಯದು, ಪ್ರಯೋಜನ ತನ್ನದು. ಅಧಿಕಾರವುಳ್ಳವನು ಅಧಿಕಾರವನ್ನು ತನ್ನ ಕ್ಷೇಮಕ್ಕಾಗಿ ಬಳಸಿದಾಗ ಅದು ಎಷ್ಟೇ ಸಾಂಕೇತಿಕವಾಗಿರಲಿ, ಎಷ್ಟೇ ರಕ್ತರಹಿತವಾಗಿರಲಿ, ಹಿಂಸೆಯೇ. ಎರಡು ಗ್ರಂಥಗಳೂ ಒಂದೇ ಮಾತನ್ನು ಎರಡು ಕಡೆಯಿಂದ ಹೇಳುತ್ತಿವೆ. ನಮ್ಮ ಶ್ರಾವಕಾಚಾರದಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ತ್ಯಜಿಸಬೇಕು; ಉಳಿದ ಮೂರನ್ನು ಯತ್ನಾಚಾರದಿಂದ ಕಿರಿದುಗೊಳಿಸಬೇಕು. ಪ್ರಜಾರಕ್ಷಣೆಯ ದಂಡವು ವಿರೋಧೀ ಹಿಂಸೆಯ ಕಡೆಗೆ ಸೇರುತ್ತದೆ. ಸ್ವಾರ್ಥದ ದಂಡವು ನೇರವಾಗಿ ಸಂಕಲ್ಪೀ ಹಿಂಸೆಗೆ ಜಾರುತ್ತದೆ. ನಿರ್ಮಾಲ್ಯವನ್ನು ಉಪಭೋಗಿಸಬಾರದೆಂಬುದನ್ನು ನಾವು ಬಲ್ಲೆವು. ದಂಡದಿಂದ ಬಂದ ಲಾಭವೂ ಅರಸನಿಗೆ ನಿರ್ಮಾಲ್ಯವೇ ಸರಿ.

ಪಾಶ್ಚಾತ್ಯ ರಾಜ್ಯಶಾಸ್ತ್ರದ ಒಂದು ಪ್ರಸಿದ್ಧ ಉಪನ್ಯಾಸವನ್ನು ಇಲ್ಲಿ ಹೋಲಿಸಬಹುದು. ಜರ್ಮನಿಯ ಮ್ಯಾಕ್ಸ್ ವೇಬರ್ 1919ರಲ್ಲಿ ಮ್ಯೂನಿಕ್ ನಗರದ ವಿದ್ಯಾರ್ಥಿಗಳ ಮುಂದೆ, ರಾಜಕಾರಣವನ್ನು ವೃತ್ತಿಯಾಗಿ ಕೈಗೊಳ್ಳುವುದರ ಬಗ್ಗೆ ಮಾತನಾಡಿದನು. ಒಂದು ಭೂಪ್ರದೇಶದಲ್ಲಿ ನ್ಯಾಯಸಮ್ಮತ ಬಲಪ್ರಯೋಗದ ಏಕಸ್ವಾಮ್ಯವನ್ನು ತನ್ನದೆಂದು ಸಾಧಿಸುವ ಸಂಸ್ಥೆಯೇ ರಾಜ್ಯವೆಂದು ಅವನ ಲಕ್ಷಣ. ತನ್ನ ನಂಬಿಕೆಗೆ ನಿಷ್ಠನಾಗಿ ಫಲವನ್ನು ಲೆಕ್ಕಿಸದ ನೀತಿ ಒಂದು, ತನ್ನ ಕೃತ್ಯದ ಫಲಕ್ಕೆ ತಾನೇ ಹೊಣೆಯೆಂದು ನಡೆಯುವ ನೀತಿ ಇನ್ನೊಂದು ಎಂದು ಅವನು ವಿಭಾಗಿಸಿದನು. ಯತಿಗೆ ಶಾಂತಿ ಆಭರಣ, ಅರಸನಿಗಲ್ಲ ಎಂಬ ಸೋಮದೇವರ ವಿಚಾರವು ಈ ವಿಭಾಗಕ್ಕೆ ಬಹು ಹತ್ತಿರದ್ದು. ಅಂತರವೂ ಇದೆ. ವೇಬರನಿಗೆ ರಾಜ್ಯದ ಗುರುತು ಅದರ ಸಾಧನ, ಅಂದರೆ ಬಲ. ಸೋಮದೇವರಿಗೆ ಅದರ ಗುರುತು ಪ್ರಯೋಜನ, ಅಂದರೆ ತ್ರಿವರ್ಗದ ಫಲ. ದಂಡವಿಲ್ಲದಿದ್ದರೆ ದೊಡ್ಡ ಮೀನು ಚಿಕ್ಕದನ್ನು ನುಂಗುವ ಮಾತ್ಸ್ಯನ್ಯಾಯ ಬರುತ್ತದೆಂದು ಒಪ್ಪಿಕೊಂಡ ಮೇಲೂ, ಮೂರ್ಖನಾದ ಅರಸನಿಗಿಂತ ಅರಸನಿಲ್ಲದ ಲೋಕವೇ ಲೇಸೆಂದು ಅವರು ಬರೆದಿದ್ದಾರೆ. ಅರಾಜಕತೆಗೆ ಅಷ್ಟು ಅಂಜುವ ಶಾಸ್ತ್ರವೊಂದರಲ್ಲಿ ಈ ಮಾತು ಬರಬೇಕಾದರೆ, ಅಧಿಕಾರವು ಇದ್ದ ಮಾತ್ರಕ್ಕೆ ಪೂಜ್ಯವಲ್ಲವೆಂಬ ದೃಢತೆ ಅದರ ಹಿಂದಿರಬೇಕು.

ಅಧಿಕಾರದ ಒಳಕೆಲಸವನ್ನು ಆಚಾರ್ಯರು ಅತ್ಯಂತ ನಿಪುಣವಾಗಿ ಬಿಡಿಸಿ ತೋರುವುದು ಮಂತ್ರಿ ಸಮುದ್ದೇಶದಲ್ಲಿ. ಒಬ್ಬನೇ ಮಂತ್ರಿಯಾದರೆ ಅವನಿಗೆ ಅಂಕುಶವಿಲ್ಲ; ಇಬ್ಬರಾದರೆ ಒಳಗೊಳಗೆ ಒಂದಾಗಿ ರಾಜ್ಯವನ್ನು ಕೆಡಿಸುತ್ತಾರೆ; ಆದುದರಿಂದ ಮೂವರು, ಐವರು ಅಥವಾ ಏಳುಮಂದಿ ಇರಲಿ ಎಂಬುದು ಅವರ ವ್ಯವಸ್ಥೆ. ಮಂತ್ರಿಯ ಧರ್ಮ ಒಡೆಯನಿಗೆ ಹಿತವಾದುದನ್ನು ಹೇಳುವುದು, ಇಷ್ಟವಾದುದನ್ನಲ್ಲ. ಹಾಲು ಕುಡಿಯಲೊಲ್ಲದ ಕೂಸಿನ ಕೆನ್ನೆಗೆ ತಾಯಿ ಪೆಟ್ಟು ಕೊಡುವುದಿಲ್ಲವೇ ಎಂಬ ಗೃಹಜೀವನದ ಹೋಲಿಕೆಯನ್ನು ಇಲ್ಲಿ ತರುತ್ತಾರೆ. ಅರಸನು ತನ್ನ ಕಣ್ಣಿನಿಂದ ನೋಡುವುದು ಅರಮನೆಯ ಅಂಗಳದವರೆಗೆ ಮಾತ್ರ. ಆಚೆಗಿನದೆಲ್ಲವನ್ನೂ ಮಂತ್ರಿ, ದೂತ, ಚಾರರ ಬಾಯಿಂದ ಕೇಳಬೇಕು. ಹಾಗಾದರೆ ನಿಜವಾದ ಅಧಿಕಾರ ಯಾರದು? ಆಜ್ಞೆ ಹೊರಡಿಸುವವನದೋ, ಆಜ್ಞೆಗೆ ಮೊದಲು ಅವನ ಕಿವಿಗೆ ಏನು ಬೀಳಬೇಕೆಂದು ತೀರ್ಮಾನಿಸುವವನದೋ? 1962ರಲ್ಲಿ ಅಮೆರಿಕದ ಪೀಟರ್ ಬ್ಯಾಕ್‌ರ್ಯಾಕ್ ಮತ್ತು ಮಾರ್ಟನ್ ಬ್ಯಾರಟ್ಜ್ ಎಂಬ ವಿದ್ವಾಂಸರಿಬ್ಬರು ಅಧಿಕಾರಕ್ಕೆ ಎರಡು ಮುಖಗಳಿವೆಯೆಂದು ಪ್ರತಿಪಾದಿಸಿದರು. ಸಭೆಯಲ್ಲಿ ತನ್ನ ತೀರ್ಮಾನವನ್ನು ಗೆಲ್ಲಿಸುವುದು ಮೊದಲ ಮುಖ. ತನಗೆ ಅನನುಕೂಲವಾದ ವಿಷಯವು ಸಭೆಯ ಮುಂದೆ ಬಾರದಂತೆಯೇ ನೋಡಿಕೊಳ್ಳುವುದು ಎರಡನೆಯ ಮುಖ. ಸೋಮದೇವರು ಅದಕ್ಕೆ ಹೆಸರಿಡಲಿಲ್ಲ. ಆದರೆ ಮಂತ್ರಿಗಳ ಸಂಖ್ಯೆ, ಅವರ ನಿಷ್ಠುರತೆ, ಚಾರರ ವರದಿಯನ್ನು ತಾಳೆ ನೋಡುವ ಎಚ್ಚರ ಇವುಗಳಿಗೆಲ್ಲ ಅಷ್ಟು ಜಾಗ ಕೊಟ್ಟುದು ಆ ಎರಡನೆಯ ಮುಖವನ್ನು ಕಂಡಿದ್ದರಿಂದಲೇ.

ವಾಣಿಜ್ಯಶಾಸ್ತ್ರವನ್ನು ಓದಿ ಅಂಗಡಿಯ ಲೆಕ್ಕದಲ್ಲಿ ಬಾಳು ಸವೆಸಿದ ನನ್ನಂಥವನಿಗೆ ವಾರ್ತಾ ಮತ್ತು ಜನಪದ ಸಮುದ್ದೇಶಗಳು ಕನ್ನಡಿ ಹಿಡಿದಂತೆ ಕಾಣುತ್ತವೆ. ಅರ್ಥವೆಂದರೆ ಎಲ್ಲ ಪ್ರಯೋಜನಗಳೂ ಯಾವುದರಿಂದ ಸಿದ್ಧಿಸುವುವೋ ಅದು ಎಂದು ಆಚಾರ್ಯರ ಲಕ್ಷಣ. ಹಣವನ್ನು ಅವರು ಹಳಿಯುವುದಿಲ್ಲ. ನ್ಯಾಯದಿಂದ ಕಾಪಾಡಿದ ಸಂತೆಪೇಟೆ ಅರಸನಿಗೆ ಕಾಮಧೇನುವೆಂದು ಭಾವಿಸುತ್ತಾರೆ. ಕೊಯ್ಲಿನ ಕಾಲದಲ್ಲಿ ಸೇನೆ ನಡೆಸಿದರೆ ಕ್ಷಾಮ ಬರುವುದೆಂದು ಎಚ್ಚರಿಸುತ್ತಾರೆ. ಎಲ್ಲ ಸಂಗ್ರಹಗಳಲ್ಲಿ ಧಾನ್ಯಸಂಗ್ರಹವೇ ದೊಡ್ಡದೆನ್ನುತ್ತಾರೆ. ಆದರೆ ಅನ್ಯಾಯದ ಲಾಭದಿಂದ ಕೊಬ್ಬುವ ಬಡ್ಡಿ ವ್ಯಾಪಾರಿಗಳು ಸೇನೆ, ಕೋಶ, ದೇಶ ಮೂರನ್ನೂ ಹಾಳುಮಾಡುತ್ತಾರೆಂದು ಹೇಳಲು ಹಿಂಜರಿಯುವುದಿಲ್ಲ. ಆಚಾರ್ಯರ ಕಾಲದಲ್ಲಿಯೂ ಬಸದಿಗೆ ದಾನ ಕೊಟ್ಟವರಲ್ಲಿ ವರ್ತಕರಿದ್ದರು. ದಾನಿಗಳ ಮುಖ ನೋಡಿ ಮಾತನ್ನು ಮೃದುಗೊಳಿಸದ ಈ ಧೈರ್ಯ ಮೆಚ್ಚತಕ್ಕದ್ದು. ಅಧಿಕಾರವೆಂದರೆ ಅರಸನದು ಮಾತ್ರವಲ್ಲ. ದರ ನಿಗದಿ ಮಾಡುವವನ ಕೈಯಲ್ಲಿಯೂ ಒಂದು ದಂಡವಿದೆಯೆಂಬುದು ಇದರ ತಾತ್ಪರ್ಯ. ರಾಜಕಾರಣ ನಮಗೆ ಬೇಡವೆಂದು ಹೇಳುವ ವ್ಯಾಪಾರಿ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಚಲಾಯಿಸುತ್ತಿರುತ್ತಾನೆ.

ಇನ್ನು ದೋಷಗಳು. ಪ್ರಥಮತಃ, ಗ್ರಂಥದ ಚೌಕಟ್ಟು ಪೂರ್ಣವಾಗಿ ವರ್ಣವ್ಯವಸ್ಥೆಯನ್ನು ಒಪ್ಪಿಕೊಂಡಿದೆ. ಮಂತ್ರಿಪದವಿ ಮೊದಲ ಮೂರು ವರ್ಣಗಳವರಿಗೇ ಎಂಬ ನಿಯಮವನ್ನು, ಎಲ್ಲ ಜೀವಿಗಳಲ್ಲಿಯೂ ಅನಂತಜ್ಞಾನದ ಶಕ್ತಿಯನ್ನು ಕಾಣುವ ದರ್ಶನದ ಆಚಾರ್ಯರು ಪ್ರಶ್ನಿಸದೆ ಬಿಟ್ಟುದು ಕೊರತೆಯೇ. ಎರಡನೆಯದಾಗಿ, ರಾಜರಕ್ಷಾ ಸಮುದ್ದೇಶದಲ್ಲಿ ಸ್ತ್ರೀಯರ ಬಗ್ಗೆ ಬರುವ ಶಂಕೆಯ ಮಾತುಗಳು ಅಂದಿನ ಅಂತಃಪುರದ ಭಯದಿಂದ ಹುಟ್ಟಿದವು. ಅವನ್ನು ಇಂದು ಸೂಕ್ತಿಗಳೆಂದು ಎತ್ತಿ ಹೇಳುವುದು ಆಚಾರ್ಯರಿಗೂ ನಮ್ಮ ಹೆಣ್ಣುಮಕ್ಕಳಿಗೂ ಮಾಡುವ ಅನ್ಯಾಯ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅರಸನು ಕೆಟ್ಟರೆ ಗತಿಯೇನು? ಅವಿನೀತ ಅರಸನಿಗಿಂತ ಮಿಗಿಲಾದ ಉತ್ಪಾತ ಪ್ರಜೆಗಳಿಗಿಲ್ಲವೆಂದು ಸ್ವತಃ ಹೇಳಿದವರು, ಆ ಉತ್ಪಾತಕ್ಕೆ ಮದ್ದನ್ನು ಅರಸನ ವಿದ್ಯೆ, ವಿನಯ, ವೃದ್ಧಸೇವೆಗಳಲ್ಲಿಯೇ ಹುಡುಕುತ್ತಾರೆ. ಮಂತ್ರಿಗಳನ್ನು ಆರಿಸುವವನೂ ಅರಸನೇ, ತೆಗೆಯುವವನೂ ಅರಸನೇ. ಅಂಕುಶವನ್ನು ಆನೆಯ ಸೊಂಡಿಲಿಗೇ ಕೊಟ್ಟಂತಾಯಿತು. ಅಧಿಕಾರವನ್ನು ಅಧಿಕಾರದಿಂದಲೇ ತಡೆಯುವ, ಶಾಸನ ಮಾಡುವವರು ಬೇರೆ, ನಡೆಸುವವರು ಬೇರೆ, ತೀರ್ಪು ಕೊಡುವವರು ಬೇರೆ ಎಂಬ ಏರ್ಪಾಡು ಅವರ ಕಣ್ಣಿಗೆ ಬೀಳಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ಆ ಬಿಟ್ಟುಹೋದ ಅಧ್ಯಾಯವನ್ನು ಬರೆದಿದೆಯೆನ್ನಬಹುದು.

ಆ ಕೊರತೆಯ ಬೆಲೆಯೇನೆಂಬುದನ್ನು ಆಚಾರ್ಯರ ಕಾಲದ ಇತಿಹಾಸವೇ ಯೋಚಿಸುವಂತೆ ಮಾಡುತ್ತದೆ. ‘ಯಶಸ್ತಿಲಕ’ ಮುಗಿದಾಗ ರಾಷ್ಟ್ರಕೂಟ ಸಾಮ್ರಾಜ್ಯವು ದಕ್ಷಿಣದ ತುತ್ತತುದಿಯವರೆಗೆ ಕೀರ್ತಿ ಗಳಿಸಿತ್ತು. 967ರಲ್ಲಿ ಮೂರನೆಯ ಕೃಷ್ಣನು ತೀರಿಕೊಂಡನು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. 973ರಲ್ಲಿ ಸಾಮಂತನಾಗಿದ್ದ ಚಾಲುಕ್ಯ ತೈಲಪನು ಸಿಂಹಾಸನವನ್ನೇ ವಶಪಡಿಸಿಕೊಂಡನು. ಮೇಲ್ಪಾಡಿಯ ವಿಜಯದ ಬೀಡಿನಿಂದ ರಾಜಧಾನಿಯ ಲೂಟಿಗೆ ಹದಿಮೂರೇ ವರ್ಷ. ಒಬ್ಬ ಸಮರ್ಥನ ಮೇಲೆ ನಿಂತ ರಾಜ್ಯವು ಅವನ ಹಿಂದೆಯೇ ಹೋಗುತ್ತದೆ. ಆದರೆ ಅದೇ ಕಾಲವು ಅಧಿಕಾರವನ್ನು ಬಿಡಬಲ್ಲವರನ್ನೂ ಕಂಡಿತು. ರಾಷ್ಟ್ರಕೂಟರ ಪರವಾಗಿ ಅನೇಕ ಯುದ್ಧಗಳನ್ನು ನಡೆಸಿದ ಗಂಗರ ಮಾರಸಿಂಹನು ಕೊನೆಗೆ ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡನು. ರಾಷ್ಟ್ರಕೂಟ ವಂಶದ ಕೊನೆಯ ಕುಡಿ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ದೇಹತ್ಯಾಗ ಮಾಡಿದನು. ಅರಸನ ಆಭರಣವೂ ಯತಿಯ ಆಭರಣವೂ ಒಂದೇ ಬಾಳಿನಲ್ಲಿ, ಒಂದಾದ ಮೇಲೊಂದಾಗಿ, ಧರಿಸಲ್ಪಡಬಹುದೆಂದು ಅವರು ತೋರಿಸಿದರು.

ಇದೆಲ್ಲವೂ ಅರಸರ ಕಥೆ, ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಬಸದಿಗಳ ಟ್ರಸ್ಟು, ವಿದ್ಯಾರ್ಥಿನಿಲಯಗಳ ಸಮಿತಿ, ಪಂಚಕಲ್ಯಾಣ ಮಹೋತ್ಸವಗಳ ಮಂಡಳಿ ಇವೆಲ್ಲ ಚಿಕ್ಕ ರಾಜ್ಯಗಳೇ. ಇಲ್ಲಿ ಸ್ವಾಮಿ, ಅಮಾತ್ಯ, ಕೋಶ, ಮಿತ್ರ ಎಲ್ಲವೂ ಉಂಟು. ದುರ್ಗ, ಬಲಗಳು ಇಲ್ಲವೆಂಬುದೊಂದೇ ಸಮಾಧಾನ. ಸಭೆಯ ಕಾರ್ಯಸೂಚಿಯನ್ನು ಬರೆಯುವ ಕೈ ಯಾವುದೋ ಅದೇ ಆ ಸಂಸ್ಥೆಯ ಅರಸನ ಕೈ. ವಿಷಯಪಟ್ಟಿಯಲ್ಲಿ ಲೆಕ್ಕಪತ್ರ ಕಡೆಯದಾಗಿ, ಊಟದ ಹೊತ್ತಿಗೆ ಬರುವಂತೆ ಇರಿಸುವುದು ಅಧಿಕಾರದ ಎರಡನೆಯ ಮುಖವಲ್ಲದೆ ಮತ್ತೇನು? ಪ್ರಶ್ನೆ ಕೇಳಿದ ಕುಟುಂಬವನ್ನು ಮುಂದಿನ ವರ್ಷದ ಅಭಿಷೇಕದ ಸರದಿಯಲ್ಲಿ ಹಿಂದಕ್ಕೆ ತಳ್ಳುವುದು ರಕ್ತವಿಲ್ಲದ ದಂಡ. ಹಿಟ್ಟಿನ ಕೋಳಿಯ ಬಲಿ. ನೀರನ್ನು ಸೋಸಿ ಕುಡಿಯುವ ನಾವು, ರಾತ್ರಿಭೋಜನವನ್ನು ಬಿಟ್ಟ ನಾವು, ಈ ಹಿಂಸೆಯನ್ನು ಹಿಂಸೆಯೆಂದು ಗುರುತಿಸದಿರುವುದಕ್ಕೆ ಕಾರಣ ಅಧಿಕಾರದ ವಿದ್ಯೆಯನ್ನು ನಾವು ಓದದೆ ಉಳಿದುದು. ಅಧಿಕಾರವನ್ನು ಅರಿಯದವನು ಅದರಿಂದ ದೂರವಿರುತ್ತಾನೆಂಬುದು ಭ್ರಮೆ. ಅವನು ಅದನ್ನು ಅರಿಯದೆಯೇ ಚಲಾಯಿಸುತ್ತಾನೆ, ಇಲ್ಲವೇ ಅರಿಯದೆಯೇ ಅನುಭವಿಸುತ್ತಾನೆ.

ಸೋಮದೇವರಿಂದ ನಮ್ಮ ಸಂಸ್ಥೆಗಳು ಎರಡು ಅಳತೆಗೋಲುಗಳನ್ನು ಪಡೆಯಬಹುದು. ಪ್ರತಿಯೊಂದು ತೀರ್ಮಾನದಲ್ಲಿಯೂ ಇದು ಯಾರ ಕ್ಷೇಮಕ್ಕೆ ಎಂದು ಕೇಳುವುದು ಮೊದಲನೆಯದು. ಅಧ್ಯಕ್ಷರ ಕಿವಿಗೆ ಅಪ್ರಿಯವಾದುದನ್ನು ತಲುಪಿಸುವವರು ಇದ್ದಾರೆಯೇ ಎಂದು ಕೇಳುವುದು ಎರಡನೆಯದು. ಆಚಾರ್ಯರು ಬಿಟ್ಟುದನ್ನು ನಾವು ಸೇರಿಸಿಕೊಳ್ಳಬೇಕು: ಅವರು ಸ್ವಭಾವಕ್ಕೆ ಬಿಟ್ಟುದನ್ನು ನಾವು ನಿಯಮಕ್ಕೆ ತರಬೇಕು. ಪದವಿಗೆ ಅವಧಿ ಇರಲಿ. ಲೆಕ್ಕಪತ್ರ ಸಭೆಗೆ ಮೊದಲೇ ಎಲ್ಲರ ಮನೆ ತಲುಪಲಿ. ಕಾರ್ಯಸೂಚಿಗೆ ವಿಷಯ ಸೇರಿಸುವ ಹಕ್ಕು ಸಾಮಾನ್ಯ ಸದಸ್ಯನಿಗೂ, ಶ್ರಾವಿಕೆಯರಿಗೂ ಇರಲಿ. ಒಳ್ಳೆಯವರು ಸಿಗಲೆಂದು ಹಾರೈಸುವುದು ಧರ್ಮ. ಒಳ್ಳೆಯವರಲ್ಲದವರು ಬಂದರೂ ಕೆಡದಂತೆ ಕಟ್ಟುವುದು ನೀತಿ.

‘ನೀತಿವಾಕ್ಯಾಮೃತ’ವು ದೋಷರಹಿತ ಗ್ರಂಥವಲ್ಲ, ದೋಷರಹಿತವೆಂದು ಅದನ್ನು ಹೊಗಳುವುದು ಅದಕ್ಕೆ ಸಲ್ಲಿಸುವ ಗೌರವವೂ ಅಲ್ಲ. ಅಹಿಂಸೆಯನ್ನು ಪೂರ್ಣವಾಗಿ ಪಾಲಿಸಿದವರೊಬ್ಬರು, ಅದನ್ನು ಪೂರ್ಣವಾಗಿ ಪಾಲಿಸಲಾಗದ ಲೋಕದ ಕಡೆಗೆ ಕಣ್ಣು ಮುಚ್ಚದೆ ಬರೆದರೆಂಬುದೇ ಅದರ ಹಿರಿಮೆ. ಸ್ವಾಧ್ಯಾಯಕ್ಕೆ ಕುಳಿತಾಗ ಪುರಾಣ, ಚರಿತೆ, ಶ್ರಾವಕಾಚಾರಗಳ ಜೊತೆಗೆ ಈ ಗ್ರಂಥದ ಒಂದೊಂದು ಸಮುದ್ದೇಶವನ್ನೂ ಸೇರಿಸಿಕೊಂಡರೆ ಮೂವತ್ತೆರಡು ದಿನಗಳಲ್ಲಿ ಅದು ಮುಗಿಯುತ್ತದೆ. ಸಮಿತಿಯ ಕುರ್ಚಿಯಲ್ಲಿ ಕುಳಿತವರು ಹತ್ತನೆಯ ಸಮುದ್ದೇಶದಿಂದ ಆರಂಭಿಸಿದರೂ ಅಡ್ಡಿಯಿಲ್ಲ.